ಮರ ಕೆತ್ತುವವನು ಗೋಣಿಬಟ್ಟೆಯಿಂದ ಪ್ರಿಂಟ್ ತೆಗೆಯಲು ಯಾವ ಪ್ರೆಸ್ ಕೊಳ್ಳಬೇಕು?

ಯಾವುದೂ ಬೇಡ. ರಟ್ಟಿಗೆ ಅಂಟಿಸಿದ ಗೋಣಿಗೆ ಶಾಯಿ ಹಚ್ಚಿ, ಅದರ ಅಚ್ಚನ್ನು ಕಾಗದಕ್ಕೆ ಇಳಿಸುವ ಕೆಲಸ ಇದು. ಪ್ರೆಸ್ ಆಮೇಲಿನ ಮಾತು, ಮೊದಲು ಪಾಲಿಶ್‌ಗೆ ಬಳಸುವ ಅರಗು ತನ್ನಿ.

ನಾನು ಸಾಗರದವನು, ಶಿವನೆ ಮರದಲ್ಲಿ ಕೆತ್ತನೆ ಮಾಡುತ್ತೇನೆ. ಒಂದು ಆಷಾಢದಲ್ಲಿ ಕೈಯಲ್ಲಿ ಕೆಲಸ ಇರಲಿಲ್ಲ. ಅಟ್ಟದ ಮೇಲೆ ಅಡಿಕೆ ತುಂಬುತ್ತಿದ್ದ ಹಳೇ ಗೋಣಿಚೀಲಗಳಿದ್ದವು. ಒಂದು ತುಂಡು ಕತ್ತರಿಸಿ, ಜೊತೆಗೆ ಹರಿದ ಸೊಳ್ಳೆಪರದೆ ಸೇರಿಸಿ, ದಪ್ಪ ರಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸಿದೆ. ಎರಡು ದಿನ ಬಿಟ್ಟು ಮುಟ್ಟಿದರೆ ಒಣಗಿದ ಹಾಗಿತ್ತು. ತಗ್ಗುಗಳಲ್ಲಿ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ನೆನೆಸಿದ ಕಾಗದ ಹೊದಿಸಿ ಗೆಳೆಯನ ಪ್ರೆಸ್ಸಿನಲ್ಲಿ ಉರುಳಿಸಿದೆ. ಕಾಗದ ಮೇಲೇಳಲೇ ಇಲ್ಲ. ಎಳೆದರೆ ಗೋಣಿ ನಾರು, ಶಾಯಿ, ಕಾಗದ ಎಲ್ಲ ಒಟ್ಟಿಗೆ ಕಿತ್ತು ಬಂತು. ಒತ್ತಡ ಸಮನಾಗಲಿ ಅಂತ ಕಾಗದದ ಮೇಲೆ ಹಾಸುವ ಅವನ ಪ್ರೆಸ್ಸಿನ ಕಂಬಳಿಗೂ ಅಂಟು ಮೆತ್ತಿತು. ಹೊಸ ಕಂಬಳಿ ಕೊಡಿಸಿದ್ದು ನಾನೇ.

ಎಡವಿದ್ದು ಎಲ್ಲಿ ಅಂದರೆ, ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ. ಮಲೆನಾಡಿನ ಮಳೆಯಲ್ಲಿ ಅದು ಒಳಗೆ ಪೂರ್ತಿ ಒಣಗುವುದೂ ಇಲ್ಲ. ಮೇಲಿಂದ ಒದ್ದೆ ಕಾಗದ, ಅದರ ಮೇಲೆ ಪ್ರೆಸ್ಸಿನ ಭಾರ. ಅಂಟು ಮತ್ತೆ ಅಂಟಾಯಿತು, ಅಷ್ಟೇ. ಸಾಲದ್ದಕ್ಕೆ ಬರಿಯ ಗೋಣಿ ಶಾಯಿ ಕುಡಿದು ಕೂತಿತ್ತು. ಒರೆಸಿದಷ್ಟೂ ಕಪ್ಪು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಮುಂದೆ, ಹಿಂದೆ, ಅಂಚಿಗೂ ಎರಡು ಮೂರು ಸಲ ಬಳಿದಿದ್ದರೆ ಇಷ್ಟು ಆಗುತ್ತಿರಲಿಲ್ಲ. ನಗು ಬರುವುದು ಯಾಕೆ ಗೊತ್ತಾ? ಅದೇ ಅರಗಿನ ಪಾಲಿಶ್ ಬಾಟಲಿ ನನ್ನ ಉಳಿಗಳ ಪಕ್ಕದಲ್ಲೇ ಇತ್ತು. ಬೊಂಬೆಗೆ ಹಚ್ಚುವವನಿಗೆ ಬಟ್ಟೆಗೂ ಹಚ್ಚಬಹುದು ಅಂತ ಹೊಳೆಯಲಿಲ್ಲ.

ಇನ್ನು ನಮ್ಮಂಥ ಕೆತ್ತುವವರ ಚಾಳಿ ಒಂದಿದೆ, ರಟ್ಟಿನ ಮೇಲೆ ಅಂಟಿಸುವುದರ ಎತ್ತರ ಜಾಸ್ತಿ ಮಾಡುವುದು. ಇಲ್ಲಿ ಒಂದೆರಡು ಮಿಲಿಮೀಟರ್ ಸಾಕು. ಕೃಷ್ಣಾ ರೆಡ್ಡಿ ಶಿಲ್ಪಿಯೂ ಹೌದು, ಪ್ಯಾರಿಸ್‌ನಲ್ಲಿ ಪ್ರಿಂಟ್ ಮಾಡಿ ಹೆಸರಾದವರೂ ಹೌದು. ಅವರೂ ಪ್ರಿಂಟ್ ತೆಗೆಯುವ ಲೋಹದ ತಗಡನ್ನು ಉಬ್ಬುಶಿಲ್ಪದ ಹಾಗೇ ಕೆತ್ತುತ್ತಿದ್ದರು. ಆದರೂ ಆ ಆಳ ತಗಡಿನ ದಪ್ಪದೊಳಗಿನ ಆಳ, ನೆನಪಿರಲಿ.

ನಾನೀಗ ರೋಲರಿನಿಂದ ಉಬ್ಬಿದ ಎಳೆಗಳಿಗಷ್ಟೇ ಶಾಯಿ ಕೊಟ್ಟು, ತೆಳು ಕಾಗದ ಹಾಸಿ, ಮರದ ಚಮಚದ ಬೆನ್ನಿನಿಂದ ಉಜ್ಜುತ್ತೇನೆ. ತಗ್ಗಿನ ಶಾಯಿ ಹೀಗೆ ಬರುವುದಿಲ್ಲ, ನಿಜ. ಆದರೆ ಎಲ್ಲಿ ಒತ್ತಬೇಕು ಅಂತ ಕೈಗೆ ತಿಳಿಯುತ್ತದೆ. ಮೊದಲ ಒಳ್ಳೆ ಪ್ರಿಂಟಿನಲ್ಲಿ ಅಮ್ಮ ದಬ್ಬಣದಲ್ಲಿ ಹಾಕಿದ್ದ ತೇಪೆಯ ಹೊಲಿಗೆ, ದಾರದ ಗಂಟಿನ ಸಮೇತ, ಎಡದ್ದು ಬಲಕ್ಕಾಗಿ ಮೂಡಿತ್ತು.

ಅರಗನ್ನು ಮಳೆ ಹೊಳವಾದ ದಿನವೇ ಬಳಿಯಿರಿ, ಗಾಳಿಯಲ್ಲಿ ತೇವ ಇದ್ದರೆ ಬೆಳ್ಳಗಾಗುತ್ತದೆ. ಬೇಗ ಒಣಗಲಿ ಅಂತ ಒಲೆ ಹತ್ತಿರ ಮಾತ್ರ ಇಡಬೇಡಿ, ಸ್ಪಿರಿಟ್ ಅದು.