ವೆನಿಲಾ ಪರಿಮಳದ ರಸಾಯನ

ಪ್ರಶ್ನೆ: ಐಸ್‌ಕ್ರೀಮ್, ಬಿಸ್ಕತ್ತುಗಳ ಪೊಟ್ಟಣದ ಮೇಲೆ ‘ಕೃತಕ ವೆನಿಲಾ’ ಎಂದಿರುತ್ತದೆ. ಅದನ್ನು ಹೇಗೆ ತಯಾರಿಸುತ್ತಾರೆ? ತಿನ್ನಲು ಸುರಕ್ಷಿತವೇ?

ಉತ್ತರ: ವೆನಿಲಾ ಬಳ್ಳಿಯ ಕೋಡಿನ (ಬೀಜಕೋಶದ) ಪರಿಮಳಕ್ಕೆ ಮುಖ್ಯ ಕಾರಣವಾದ ವೆನಿಲಿನ್ ಎಂಬ ಸಂಯುಕ್ತವನ್ನು 1858ರಲ್ಲಿ ಫ್ರಾನ್ಸಿನ ಗೋಬ್ಲೆ ಶುದ್ಧ ರೂಪದಲ್ಲಿ ಬೇರ್ಪಡಿಸಿದರು, 1874ರಲ್ಲಿ ಜರ್ಮನಿಯ ಟೀಮನ್ ಮತ್ತು ಹಾರ್ಮನ್ ಅದನ್ನು ಪೈನ್ ಜಾತಿಯ ಮರಗಳಲ್ಲಿ ದೊರೆಯುವ ಕೋನಿಫೆರಿನ್‌ನಿಂದ ತಯಾರಿಸಿದರು. ಮುಂದೆ ಲವಂಗದೆಣ್ಣೆಯ ಯೂಜಿನಾಲ್, ಆಮೇಲೆ ಕಾಗದ ಕಾರ್ಖಾನೆಗಳ ತ್ಯಾಜ್ಯದಲ್ಲಿ ಉಳಿಯುವ, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಸಹ ಕಚ್ಚಾವಸ್ತುಗಳಾದವು. ಲಿಗ್ನಿನ್ ವಿಧಾನ ಕೇಳಲು ಜಾಣತನದ್ದೇ ಆದರೂ, ಅದರಿಂದ ಹೊರಬೀಳುವ ಕ್ಷಾರೀಯ ತ್ಯಾಜ್ಯದ ಪ್ರಮಾಣ ವಿಪರೀತ.

‘ಕೃತಕ ವೆನಿಲಾ’ ಎಂದರೆ ಹೀಗೆ ಕಾರ್ಖಾನೆಯಲ್ಲಿ ತಯಾರಿಸಿದ ವೆನಿಲಿನ್; ಈಗ ಅದರ ಬಹುಪಾಲು ತಯಾರಾಗುವುದು ಪೆಟ್ರೋಲಿಯಂ ಮೂಲದ ಗ್ವಾಯಕಾಲ್‌ನಿಂದ. ಕ್ಷಾರೀಯ ದ್ರಾವಣದಲ್ಲಿ ಅದನ್ನು ಗ್ಲೈಆಕ್ಸಿಲಿಕ್ ಆಮ್ಲದೊಡನೆ ಸಂಯೋಗಗೊಳಿಸಿ, ದೊರೆತ ವಸ್ತುವನ್ನು ವೇಗವರ್ಧಕದ ನೆರವಿನಿಂದ ಉತ್ಕರ್ಷಿಸಿ, ಬಳಿಕ ಆಮ್ಲ ಬೆರೆಸಿದಾಗ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ವೆನಿಲಿನ್ ಉಳಿಯುತ್ತದೆ. ಅದನ್ನು ನಿರ್ವಾತದಲ್ಲಿ ಭಟ್ಟಿಯಿಳಿಸಿ, ಹರಳುಗಟ್ಟಿಸಿ ಶುದ್ಧಗೊಳಿಸುತ್ತಾರೆ.

ಹೀಗೆ ತಯಾರಾದ ಅಣುವಿಗೂ ಕೋಡಿನಲ್ಲಿರುವ ಅಣುವಿಗೂ ರಚನೆಯಲ್ಲಿ ವ್ಯತ್ಯಾಸವಿಲ್ಲ. ಆಹಾರ ಸೇರ್ಪಡೆಗಳನ್ನು ಪರಿಶೀಲಿಸುವ ಅಂತರರಾಷ್ಟ್ರೀಯ ತಜ್ಞರ ಸಮಿತಿಯು ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನಕ್ಕೆ 10 ಮಿಲಿಗ್ರಾಂವರೆಗಿನ ಸೇವನೆಯನ್ನು ಒಪ್ಪಿದೆ. ಆದ್ದರಿಂದ ಐಸ್‌ಕ್ರೀಮಿನಲ್ಲಿ ನೀವು ಅಂಜಬೇಕಾದದ್ದು ವೆನಿಲಿನ್‌ಗಿಂತ ಸಕ್ಕರೆಗೆ. ರುಚಿಯ ಮಾತು ಬೇರೆ: ಹದಗೊಳಿಸಿದ ಕೋಡಿನಲ್ಲಿ ವೆನಿಲಿನ್ ಜೊತೆಗೆ ನೂರಾರು ಇತರ ಸಂಯುಕ್ತಗಳಿರುವುದರಿಂದ ಅದರ ಸ್ವಾದಕ್ಕೆ ಆಳ ಹೆಚ್ಚು. ಆದರೆ ಬೆಲೆಯಲ್ಲಿ ಕೋಡು ಕಾರ್ಖಾನೆಯೊಡನೆ ಸೆಣಸಲಾರದು. ಎರಡು ದಶಕಗಳ ಹಿಂದೆ ಬಳ್ಳಿ ಹಬ್ಬಿಸಿ, ಧಾರಣೆ ಕುಸಿದಾಗ ಕೈಸುಟ್ಟುಕೊಂಡ ಮಲೆನಾಡಿನ ಬೆಳೆಗಾರರಿಗೆ ಇದನ್ನು ವಿವರಿಸಬೇಕಾಗಿಲ್ಲ.