ದಾಸವಾಳದ ಗಿಡದ ಗೂಡು ಮತ್ತು ಕೆಂಬೂತ

ಪತ್ರ: ನಮ್ಮ ಅಂಗಳದಂಚಿನ ದಾಸವಾಳದಲ್ಲಿ ಪಿಕಳಾರ ಮೂರು ಮೊಟ್ಟೆ ಇಟ್ಟಿತ್ತು. ಮಕ್ಕಳಿಗೆ ಕಾಣಲೆಂದು ಎದುರಿನ ಎರಡು ಕೊಂಬೆ ಸವರಿದ್ದೆವು. ಮರಿಗಳು ಕಣ್ಣು ಬಿಡುವ ಹೊತ್ತಿಗೆ ಕೆಂಬೂತ ತಿಂದುಹಾಕಿತು. ಬರಿದಾದ ಗೂಡಿನ ಸುತ್ತ ಜೋಡಿಹಕ್ಕಿಗಳು ದಿನವಿಡೀ ಕೂಗಿದವು. ಕೆಂಬೂತವನ್ನು ತೋಟದಿಂದ ಓಡಿಸುವುದು ಹೇಗೆ? ಮುಂದಿನ ಸಲ ಗೂಡಿಗೆ ಬಲೆ ಕಟ್ಟಬಹುದೇ?
– ಓದುಗರೊಬ್ಬರು, ಶಿರಸಿ ತಾಲ್ಲೂಕು

ಸಂಪಾದಕರ ಉತ್ತರ:

ಮಾನ್ಯರೇ, ಆ ಕೂಗಿನ ಸಂಕಟ ನಿಮ್ಮ ಪತ್ರದ ತುಂಬ ಇದೆ. ಆದರೂ ನಾನು ಕೆಂಬೂತದ ಪರ ಮಾತನಾಡಬೇಕಾಗಿದೆ. ಪೊದೆಯೊಳಗೆ ನಡೆದಾಡುತ್ತ ಬಸವನಹುಳು, ಕಂಬಳಿಹುಳು, ಇಲಿಮರಿ, ಓತಿಕೇತ ಎಲ್ಲವನ್ನೂ ಹೆಕ್ಕುವ ಹಕ್ಕಿ ಅದು. ಗೂಡು ಕಣ್ಣಿಗೆ ಬಿದ್ದರೆ ಬಿಡುವುದಿಲ್ಲ. ಅದನ್ನು ಓಡಿಸಿದಿರಿ ಎಂದೇ ಇಟ್ಟುಕೊಳ್ಳೋಣ. ಕಾಗೆ ಇದೆ, ಕೇರೆ ಹಾವಿದೆ, ಊರಿನ ಬೆಕ್ಕುಗಳಿವೆ. ಇನ್ನು ಹೊಡೆಯುವ ಯೋಚನೆ ಯಾರಿಗಾದರೂ ಬಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ನನಗೆ ಮುಖ್ಯವಾಗಿ ಕಂಡದ್ದು ನೀವು ಸವರಿದ ಆ ಎರಡು ಕೊಂಬೆಗಳು. ಪಿಕಳಾರದ ಮೊಟ್ಟೆಗೆ ಸುಮಾರು 12 ದಿನ ಕಾವು ಬೇಕು, ಮರಿ ಗೂಡು ಬಿಡಲು ಹೆಚ್ಚುಕಡಿಮೆ ಮತ್ತೆ ಅಷ್ಟೇ ದಿನ. ಒಟ್ಟು 25 ದಿನ ಎನ್ನೋಣ. ಎಷ್ಟು ಗೂಡು ಗೆದ್ದವೆಂದು ತಿಳಿಯಲು ಗೂಡುಗಳನ್ನಷ್ಟೇ ಎಣಿಸಿದರೆ ಸಾಲದು, ಅವು ಉಳಿದ ದಿನಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ಅಮೆರಿಕದ ಪಕ್ಷಿ ಅಧ್ಯಯನಕಾರ ಹೆರಾಲ್ಡ್ ಮೇಫೀಲ್ಡ್ 1961ರಲ್ಲಿ ತೋರಿಸಿಕೊಟ್ಟರು. ಆ ದಾರಿಯಲ್ಲೇ ನೋಡಿ: ಪ್ರತಿ ದಿನ ಗೂಡು ಉಳಿಯುವ ಸಾಧ್ಯತೆ ನೂರಕ್ಕೆ 95 ಇದ್ದರೆ, ದಿನದಿನಕ್ಕೂ ಗುಣಿಸುತ್ತ ಹೋದಾಗ 25 ದಿನ ದಾಟುವುದು ನೂರರಲ್ಲಿ 28 ಗೂಡು ಮಾತ್ರ. ಅದೇ ಸಾಧ್ಯತೆ 97ಕ್ಕೆ ಏರಿದರೆ 47 ಗೂಡು ದಾಟುತ್ತವೆ. ದಿನಕ್ಕೆ ಎರಡೇ ಅಂಶದ ಈ ವ್ಯತ್ಯಾಸ ಒಂದು ಹಿಡಿ ಎಲೆಯ ಮರೆಯಿಂದಲೂ ಬರಬಹುದು.

ನಿಮ್ಮದೇ ತಾಲ್ಲೂಕಿನ ಸೋಂದಾದ ಮುಂಡಿಗೆಕೆರೆಯಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಎಲ್ಲರಿಗೂ ಕಾಣುವಂತೆಯೇ ಗೂಡು ಕಟ್ಟುತ್ತವೆ. ಅವುಗಳಿಗೆ ಸುತ್ತ ನೀರು, ಕೆಳಗೆ ಕೇದಗೆಯ ಜಾತಿಯ ಮುಂಡಿಗೆ ಗಿಡದ ಮುಳ್ಳು, ಪಕ್ಕದಲ್ಲಿ ನೆರೆಹೊರೆಯ ಎಷ್ಟೋ ಕಣ್ಣುಗಳ ಕಾವಲು. ಮನುಷ್ಯನ ಎದೆಮಟ್ಟದ ಗಿಡದಲ್ಲಿ ಬಟ್ಟಲಿನಂಥ ತೆರೆದ ಗೂಡು ಕಟ್ಟುವ ಪಿಕಳಾರಕ್ಕೆ ಎಲೆ ಬಿಟ್ಟರೆ ಬೇರೆ ಆಸರೆಯಿಲ್ಲ.

ಮೊಟ್ಟೆಯೊಡೆದು ಮರಿಗಳು ಹೊರಬಂದ ಮೇಲೆ ಅಪಾಯ ಇನ್ನೊಂದು ಬಗೆಯದು. ಜೋಡಿಹಕ್ಕಿಗಳು ಹುಳು ಕಚ್ಚಿಕೊಂಡು ಮತ್ತೆ ಮತ್ತೆ ಬಂದುಹೋಗುವಾಗ ಬೇಟೆಗಾರನಿಗೆ ಗೂಡಿನ ಸುಳಿವು ಸಿಗುತ್ತದೆ. ಮರಿ ಕಡಿಮೆಯಿದ್ದರೆ ಈ ಓಡಾಟವೂ ಕಡಿಮೆ; ಉಷ್ಣವಲಯದ ಹಕ್ಕಿಗಳು ಕಡಿಮೆ ಮೊಟ್ಟೆ ಇಡುವುದಕ್ಕೆ ಇದೂ ಕಾರಣವಿರಬಹುದೆಂದು ಕೋಸ್ಟರಿಕಾದಲ್ಲಿ ನೆಲೆಸಿದ್ದ ಪಕ್ಷಿತಜ್ಞ ಅಲೆಕ್ಸಾಂಡರ್ ಸ್ಕಚ್ 1949ರಲ್ಲಿ ಬರೆದರು. ಮೊಬೈಲ್ ಹಿಡಿದು ಗಳಿಗೆಗೊಮ್ಮೆ ಎಲೆ ಸರಿಸುವ ನಾವೂ ಅದೇ ಸುಳಿವು ಕೊಡುತ್ತೇವೆ. ಮುಟ್ಟಿದರೆ ಮೈಲಿಗೆಯಾಗಿ ತಾಯಿ ಮರಿಯನ್ನು ಬಿಡುತ್ತದೆ ಎನ್ನುವುದರಲ್ಲಿ ಹುರುಳಿಲ್ಲ. ಪದೇ ಪದೇ ಗದ್ದಲವಾದರೆ ಮಾತ್ರ ಗೂಡು ಬಿಟ್ಟು ಹೋಗುವುದುಂಟು.

ಬಲೆ ಖಂಡಿತ ಬೇಡ. ಪಿಕಳಾರವೇ ಅದರಲ್ಲಿ ಕಾಲು ಸಿಕ್ಕಿಸಿಕೊಂಡೀತು, ಹಾವೂ ಸಿಕ್ಕಿ ಸತ್ತೀತು. ಬೇಲಿ ಸವರುವ ಕೆಲಸವನ್ನು ಮಳೆಗಾಲ ಮುಗಿದ ಮೇಲೆ ಇಟ್ಟುಕೊಳ್ಳಿ. ಕಾಗೆಗಳನ್ನು ಕರೆಯುವ ಮುಸುರೆಯನ್ನು ಅಂಗಳದಲ್ಲಿ ಚೆಲ್ಲದೆ ಗೊಬ್ಬರದ ಗುಂಡಿಗೆ ಹಾಕಿ. ಗೂಡು ಕೆಟ್ಟ ಜೋಡಿ ಅದೇ ಋತುವಿನಲ್ಲಿ ಮತ್ತೆ ಕಟ್ಟುವುದು ಸಾಮಾನ್ಯ. ನಿಮ್ಮ ಜೋಡಿಯೂ ಹತ್ತಿರದಲ್ಲೇ ಎಲ್ಲೋ ಶುರುಮಾಡಿರಬಹುದು. ದಯವಿಟ್ಟು ಹುಡುಕಬೇಡಿ. ಮಕ್ಕಳಿಗೆ ತೋರಿಸಲೇಬೇಕೆಂದಿದ್ದರೆ ಜಗಲಿಯ ಮೇಲೆ ಕೂರಿಸಿ: ನಾರು ಕಚ್ಚಿಕೊಂಡ ಹಕ್ಕಿ ಯಾವ ಪೊದೆಯತ್ತ ಹೋಗುತ್ತದೆ ಎಂಬುದು ಅಲ್ಲಿಂದಲೇ ಕಾಣುತ್ತದೆ.