ಪಾಯ ತೋಡುವಾಗ ಬಾರದವರು

ಪ್ರಿಯ ಓದುಗರೆ,

ದಾಸರಹಳ್ಳಿ ಕಡೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಓದಿದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದು. ಉಳಿದ ಓದುಗರಿಗೂ ತಿಳಿಯಲಿ ಎಂದು ಚುಟುಕಾಗಿ ಹೇಳುತ್ತೇನೆ. ನಿಮ್ಮದು ಮೂವತ್ತು ನಲವತ್ತರ ಸೈಟು. ಕೆಳಗೆ ಒಂದು ದಿನಸಿ ಅಂಗಡಿ, ಮೇಲೆ ಎರಡು ಮನೆ. ಗೃಹಪ್ರವೇಶ ಆಗಿ ಏಳು ತಿಂಗಳು. ಮೀಟರ್ ಕೇಳಲು ಹೋದರೆ ‘ಒಸಿ ತನ್ನಿ’ ಎನ್ನುತ್ತಾರೆ. ಒಸಿ ಎಂದರೆ ಕಟ್ಟಡ ನಕ್ಷೆಯಂತೆ ಇದೆ, ವಾಸಕ್ಕೆ ಯೋಗ್ಯ ಎಂದು ಪಾಲಿಕೆ ಕೊಡುವ ಪತ್ರ. ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಕರೆಂಟಿನಲ್ಲೇ ಸಂಸಾರ ನಡೆದಿದೆ. ‘ಉತ್ತರ ಪ್ರದೇಶದ ಯಾವುದೋ ಕೇಸಿಗೆ ನಮ್ಮ ಮನೆ ದೀಪ ಯಾಕೆ ಆರಬೇಕು?’ ಎಂದು ಕೇಳಿದ್ದೀರಿ.

ಆ ಕೇಸು ಮೀರತ್ ನಗರದ್ದು. ಶಾಸ್ತ್ರಿನಗರದಲ್ಲಿ ಮನೆಗೆಂದು ಕೊಟ್ಟ ನಿವೇಶನದಲ್ಲಿ ಅಂಗಡಿ ಸಾಲು ಎದ್ದಿತ್ತು. ಕೆಡವಿ ಎಂದು ಅಲಹಾಬಾದ್ ಹೈಕೋರ್ಟ್ 2014ರಲ್ಲೇ ಹೇಳಿತ್ತು. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಅದನ್ನೇ ಎತ್ತಿಹಿಡಿಯಿತು. ಅಷ್ಟಕ್ಕೇ ಬಿಟ್ಟಿದ್ದರೆ ನಿಮಗೂ ನನಗೂ ಸಂಬಂಧ ಇರುತ್ತಿರಲಿಲ್ಲ. ಆದರೆ ನ್ಯಾಯಮೂರ್ತಿಗಳಾದ ಪಾರ್ದಿವಾಲಾ ಮತ್ತು ಮಹದೇವನ್ ಇಡೀ ದೇಶಕ್ಕೆ ಅನ್ವಯಿಸುವ ಸೂಚನೆಗಳನ್ನೂ ಕೊಟ್ಟರು. ಒಸಿ ತೋರಿಸಿದ ಮೇಲೆಯೇ ಕರೆಂಟು, ನೀರು, ಒಳಚರಂಡಿ. ಬ್ಯಾಂಕಿನವರೂ ಒಸಿ ನೋಡಿಯೇ ಸಾಲ ಕೊಡಬೇಕು. ಅನಧಿಕೃತ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಇಲ್ಲ. 2025ರ ಬೇಸಿಗೆಯ ಹೊತ್ತಿಗೆ ನಮ್ಮ ವಿದ್ಯುತ್ ಕಂಪನಿಗಳು ಇದನ್ನು ಬಿಗಿಯಾಗಿ ಹಿಡಿದವು.

ತೀರ್ಪು ತಪ್ಪು ಎಂದು ನನ್ನ ಕೈಲಿ ಬರೆಸಬೇಡಿ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡವೇ ಕುಸಿದು ಕೂಲಿಯವರು ಸತ್ತರು. ಕೊಟ್ಟ ಅನುಮತಿ ಮೀರಿ ಮಹಡಿ ಏರಿಸಿದ್ದರು. ಹೊಟ್ಟೆಪಾಡಿಗೆ ಬಂದವರ ಜೀವ ಹೋಯಿತು. ಅಂಥ ಕಟ್ಟಡ ತಡೆಯಲು ಕಾನೂನು ಬೇಕೇ ಬೇಕು.

ನನ್ನ ಸಂಕಟ ಬೇರೆ. ಅದೇ ತೀರ್ಪಿನಲ್ಲಿ ಇನ್ನೂ ಕೆಲವು ಮಾತುಗಳಿವೆ. ಕಟ್ಟುವ ಜಾಗದಲ್ಲಿ ಮಂಜೂರಾದ ನಕ್ಷೆ ಎಲ್ಲರಿಗೂ ಕಾಣುವಂತೆ ಹಾಕಬೇಕು. ಅಧಿಕಾರಿಗಳು ಆಗಾಗ ಬಂದು ನೋಡಿ, ನೋಡಿದ್ದನ್ನು ಬರೆದಿಡಬೇಕು. ತಪ್ಪಾಗಿ ಒಸಿ ಕೊಟ್ಟವರ ಮೇಲೆ ಇಲಾಖೆ ಕ್ರಮ ಆಗಬೇಕು. ನಾನು ದಿನಾ ಓಡಾಡುವ ರಸ್ತೆಯಲ್ಲಿ ಈಗ ಆರು ಮನೆ ಏಳುತ್ತಿವೆ. ಒಂದರ ಮುಂದೂ ನಕ್ಷೆ ಕಂಡಿಲ್ಲ. ಜಲ್ಲಿ ರಾಶಿ, ದೃಷ್ಟಿಗೊಂಬೆ, ಮೇಸ್ತ್ರಿಯ ಫೋನ್ ನಂಬರ್, ಅಷ್ಟೇ. ಪಾಯ ತೋಡುವಾಗ ಯಾರೂ ಬರುವುದಿಲ್ಲ. ಮೋಲ್ಡ್ ಹಾಕುವ ದಿನವೂ ಬರುವುದಿಲ್ಲ. ಎಲ್ಲ ಮುಗಿದು, ಕೈಯಲ್ಲಿದ್ದ ದುಡ್ಡೂ ಮುಗಿದು, ಹಾಲು ಉಕ್ಕಿಸಿದ ಮೇಲೆ ‘ಸೆಟ್‌ಬ್ಯಾಕ್ ಎಲ್ಲಿ’, ಅಂದರೆ ಮನೆ ಸುತ್ತ ಬಿಡಬೇಕಾದ ಜಾಗ ಎಲ್ಲಿ, ಎಂದು ಕೇಳುತ್ತಾರೆ. ಮೂರಡಿ ಬಿಡಿ ಎಂದು ಪಾಯದ ದಿನ ಹೇಳಿದ್ದರೆ ನೀವು ಬಿಡುತ್ತಿದ್ದಿರಿ, ಅಲ್ವಾ? ಆವತ್ತು ಅದಕ್ಕೆ ಖರ್ಚಿರಲಿಲ್ಲ. ಇವತ್ತು ಗೋಡೆ ಒಡೆಯಬೇಕು.

ನನ್ನ ಹತ್ತಿರದ ಸಂಬಂಧಿಯೊಬ್ಬರ ಮನೆಯಲ್ಲೂ ಇದೇ ಕಥೆ. ಸ್ವಿಚ್ ಬೋರ್ಡಿನ ಮೇಲಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ. ಬಾಗಿಲ ತೋರಣ ಒಣಗಿ ಉದುರುತ್ತಿದೆ. ಪಕ್ಕದ ಮನೆಯಿಂದ ಎಳೆದ ಒಂದೇ ವೈರು, ಅದಕ್ಕೆ ಮೋಟಾರ್ ಹಾಕುವಂತಿಲ್ಲ. ಎರಡನೇ ಮಹಡಿಗೆ ಅಜ್ಜಿ ಬಿಟ್ಟು ಮನೆಯವರೆಲ್ಲ ಬಿಂದಿಗೆ ಹೊರುತ್ತಾರೆ. ತಾತ್ಕಾಲಿಕ ಸಂಪರ್ಕ ಇದ್ದವರ ಪಾಡೂ ಹಗುರವಲ್ಲ. ಯೂನಿಟ್ ದರ ಜಾಸ್ತಿ. ಗೃಹಜ್ಯೋತಿಯೂ ಸಿಗದು, ಅದು ಮನೆ ಬಳಕೆಯ ಕಾಯಂ ಸಂಪರ್ಕಕ್ಕೆ.

ಈಗ ನಿಮ್ಮ ವಿಷಯ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಡಿ 2025ರ ಅಕ್ಟೋಬರ್‌ನಲ್ಲಿ ಸರ್ಕಾರ ಒಂದು ವಿನಾಯಿತಿ ಕೊಟ್ಟಿತು. 1200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿ ಮತ್ತು ಮೇಲೆರಡು, ಇಲ್ಲವೇ ಸ್ಟಿಲ್ಟ್ (ಕೆಳಗೆ ಕಂಬಗಳ ನಡುವೆ ಪಾರ್ಕಿಂಗಿಗೆ ಬಿಟ್ಟ ಜಾಗ) ಮತ್ತು ಮೇಲೆ ಮೂರು ಮಹಡಿಯ ವಾಸದ ಮನೆಗೆ ಒಸಿ ಬೇಕಿಲ್ಲ. ಅಳತೆಯಲ್ಲಿ ನಿಮ್ಮ ಕಟ್ಟಡ ಇದರೊಳಗೆ ಕೂರುತ್ತದೆ. ತೊಡಕಿರುವುದು ಕೆಳಗಿನ ಷಟರ್‌ನಲ್ಲಿ. ವಿನಾಯಿತಿ ವಾಸದ ಮನೆಗೆ, ಅಂಗಡಿಗೆ ಅಲ್ಲ. ನಕ್ಷೆಯಲ್ಲಿ ಆ ಜಾಗ ಪಾರ್ಕಿಂಗ್ ಎಂದಿದೆಯೋ ಅಂಗಡಿ ಎಂದಿದೆಯೋ ನೀವು ಬರೆದಿಲ್ಲ. ಮೊದಲು ಅದನ್ನು ನೋಡಿ. ಒಸಿ ಬೇಡ ಎಂದರೆ ನಕ್ಷೆಯೂ ಬೇಡ ಎಂದು ನಿಮ್ಮ ಕಂಟ್ರಾಕ್ಟರ್ ಹೇಳಿದ್ದನ್ನು ನಂಬಬೇಡಿ, ಅವೆರಡೂ ಬೇರೆ.

ದಂಡ ಕಟ್ಟಿಸಿಕೊಂಡು ಸಕ್ರಮ ಮಾಡಬಾರದಾ ಎಂದೂ ಕೇಳಿದ್ದೀರಿ. ಅಂಥದ್ದೇ ಅಕ್ರಮ ಸಕ್ರಮ ಯೋಜನೆಯನ್ನು ಕರ್ನಾಟಕ ಹೈಕೋರ್ಟ್ 2016ರ ಡಿಸೆಂಬರ್‌ನಲ್ಲಿ ಒಪ್ಪಿತ್ತು. ಮರುತಿಂಗಳೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಅದನ್ನು ನಂಬಿ ಕಾಯುತ್ತ ಕೂತವರನ್ನು ನಾನು ಬಲ್ಲೆ. ನೀವು ಕೂರಬೇಡಿ. ದಾಖಲೆ ಸರಿಯಿಲ್ಲದ ಸೈಟಿನ ಬಿ ಖಾತೆಯನ್ನು ಪೂರ್ಣ ಮಾನ್ಯತೆಯ ಎ ಖಾತೆ ಮಾಡುವ ಅಭಿಯಾನ ಸೈಟಿನ ದಾಖಲೆಗೆ ಸಂಬಂಧಿಸಿದ್ದು, ಕಟ್ಟಡದ ತಪ್ಪು ಅದರಿಂದ ಸರಿಹೋಗದು.

‘ಐವತ್ತು ಸಾವಿರ ಕೊಡಿ, ಮೀಟರ್ ಕೂರಿಸ್ತೀನಿ’ ಎಂದ ಬ್ರೋಕರ್ ವಿಷಯ ಓದಿ ಹೊಟ್ಟೆ ಉರಿಯಿತು. ಒಂದು ರೂಪಾಯಿ ಕೊಡಬೇಡಿ. ನಾಳೆ ತಪಾಸಣೆಗೆ ಬಂದು ವೈರ್ ಕಿತ್ತರೆ ಅವನು ಫೋನ್ ಎತ್ತುವುದಿಲ್ಲ. ಮನೆಗಳಿಗೆ ಒಂದು ಅರ್ಜಿ, ಅಂಗಡಿಗೆ ಬೇರೆ ಅರ್ಜಿ ಹಾಕಿ. ಸೈಟಿನ ಅಳತೆ, ನಕ್ಷೆ, ಅಕ್ಟೋಬರ್‌ನ ಆದೇಶದ ಪ್ರತಿ ಜೊತೆಗಿಡಿ. ಆಗಲ್ಲ ಎಂದು ಬಾಯಲ್ಲಿ ಹೇಳಿದರೆ ಸುಮ್ನೆ ವಾಪಸ್ ಬರಬೇಡಿ, ಕಾರಣ ಬರೆದು ಹಿಂಬರಹ ಕೊಡಿ ಎಂದು ಅಲ್ಲೇ ಕೂರಿ. ಮುಂದಿನ ಮೇಲ್ಮನವಿಗೆ ಆ ಒಂದು ಹಾಳೆಯೇ ನಿಮ್ಮ ಕೈಯಲ್ಲಿರುವ ಆಧಾರ. ಸಿಕ್ಕ ದಿನ ಅದರ ಪ್ರತಿಯೊಂದನ್ನು ನಮಗೂ ಕಳಿಸಿ, ಏನು ಬರೆದಿದ್ದಾರೆ ಎಂದು ಕೂತು ಓದೋಣ.

ನಿಮ್ಮ,
ಸಂಪಾದಕ